ಫ್ಯೂಷನ್ ಕರೆಂಟು ಯಾವಾಗ ಬರುತ್ತೆ? ಪದೇ ಪದೇ ಕೇಳುವ ಪ್ರಶ್ನೆಗಳು

ಬೈಜಿಕ ಸಮ್ಮಿಲನ, ಅಂದರೆ ಫ್ಯೂಷನ್ ಬಗ್ಗೆ ಮಾತು ತೆಗೆದಾಗಲೆಲ್ಲ ಅದೇ ಪ್ರಶ್ನೆಗಳು ಬರುತ್ತವೆ. ಪತ್ರದಲ್ಲೂ ಅವೇ, ಎದುರಿಗೆ ಸಿಕ್ಕಾಗಲೂ ಅವೇ. ಕೇಳಿದವರ ಮಾತಿನಲ್ಲೇ ಅವನ್ನು ಇಲ್ಲಿ ಇಟ್ಟಿದ್ದೇನೆ. ಸುಲಭದ್ದು ಮೊದಲು, ತಲೆ ತಿನ್ನುವಂಥದ್ದು ಕೊನೆಗೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ನನಗೆ ಫ್ಯೂಷನ್ ಮೇಲೆ ನಂಬಿಕೆ ಇದೆ, ಫ್ಯೂಷನ್ ಸುದ್ದಿಗಳ ಮೇಲೆ ಅಷ್ಟಿಲ್ಲ.

## ಮೊದಲ ಮೆಟ್ಟಿಲು

ಫ್ಯೂಷನ್ ಅಂದ್ರೆ ಏನು? ಈಗಿರೋ ಅಣು ಸ್ಥಾವರಗಳೂ ಅದೇ ಅಲ್ವಾ?

ಅಲ್ಲ, ಅದರ ಉಲ್ಟಾ. ಈಗಿನ ಅಣು ಸ್ಥಾವರಗಳಲ್ಲಿ ಯುರೇನಿಯಂನಂಥ ಭಾರದ ಪರಮಾಣುವಿನ ನ್ಯೂಕ್ಲಿಯಸ್ ಒಡೆಯುತ್ತದೆ. ಅದು ಫಿಷನ್. ಫ್ಯೂಷನ್‌ನಲ್ಲಿ ಹಗುರವಾದ ಎರಡು ನ್ಯೂಕ್ಲಿಯಸ್‌ಗಳು ಸೇರಿ ಒಂದಾಗುತ್ತವೆ. ಸೇರಿದ ಮೇಲೆ ಒಟ್ಟು ತೂಕ ಚೂರು ಕಡಿಮೆಯಾಗಿರುತ್ತದೆ. ಆ ಕಾಣೆಯಾದ ಚೂರೇ ಶಕ್ತಿಯಾಗಿ ಹೊರಬರುತ್ತದೆ.

ಹೆಚ್ಚಿನವರು ನೆಚ್ಚಿಕೊಂಡಿರುವ ಜೋಡಿ ಡ್ಯೂಟೀರಿಯಂ ಮತ್ತು ಟ್ರಿಟಿಯಂ. ಎರಡೂ ಹೈಡ್ರೋಜನ್ನಿನ ಒಡಹುಟ್ಟುಗಳು. ಒಂದರಲ್ಲಿ ಒಂದು ನ್ಯೂಟ್ರಾನ್ ಜಾಸ್ತಿ, ಇನ್ನೊಂದರಲ್ಲಿ ಎರಡು. ಇವು ಕೂಡಿದರೆ ಒಂದು ಹೀಲಿಯಂ, ಒಂದು ನ್ಯೂಟ್ರಾನ್, ಜೊತೆಗೆ 17.6 ಮೆಗಾ ಎಲೆಕ್ಟ್ರಾನ್ ವೋಲ್ಟ್ (ಕಣಗಳ ಶಕ್ತಿ ಅಳೆಯುವ ಮಾನ) ಶಕ್ತಿ. ಅದರಲ್ಲಿ 14.1 ನ್ಯೂಟ್ರಾನ್ ಹೊತ್ತುಕೊಂಡು ಹೋಗುತ್ತದೆ, 3.5 ಹೀಲಿಯಂ ಪಾಲಿಗೆ. ಈ ಹಂಚಿಕೆಯನ್ನು ನೆನಪಿಟ್ಟುಕೊಳ್ಳಿ. ಮುಂದೆ ಬರುವ ಅರ್ಧ ತಲೆನೋವು ಇದರದ್ದೇ.

ಸೂರ್ಯನಲ್ಲಿ ತಾನಾಗೇ ನಡೆಯುತ್ತೆ, ಇಲ್ಲಿ ಯಾಕೆ ಇಷ್ಟು ಒದ್ದಾಟ?

ಎರಡೂ ನ್ಯೂಕ್ಲಿಯಸ್‌ಗಳಲ್ಲಿ ಪ್ಲಸ್ ಚಾರ್ಜ್ ಇದೆ. ಹತ್ತಿರ ಬಂದಷ್ಟೂ ಒಂದನ್ನೊಂದು ದೂಡುತ್ತವೆ. ಆ ದೂಡಾಟ ಮೀರಿ ಅಂಟಿಕೊಳ್ಳಬೇಕಾದರೆ ವಿಪರೀತ ವೇಗದಲ್ಲಿ ಗುದ್ದಬೇಕು. ವೇಗ ಅಂದರೆ ಬಿಸಿ.

ಸೂರ್ಯನ ನಡುಭಾಗದ ಬಿಸಿ ಸುಮಾರು 1.5 ಕೋಟಿ ಡಿಗ್ರಿ. ಅಷ್ಟರಲ್ಲಿ ಫ್ಯೂಷನ್ ನಡೆಯುವುದು ಬಹಳ ನಿಧಾನ. ಎಷ್ಟು ನಿಧಾನ ಅಂದರೆ, ಅಲ್ಲಿನ ಒಂದು ಘನ ಮೀಟರ್ ಜಾಗದಲ್ಲಿ ಹುಟ್ಟುವ ಶಾಖ 300 ವ್ಯಾಟ್ ಕೂಡ ಇಲ್ಲ. ಹದವಾಗಿ ಕೊಳೆಯುತ್ತಿರುವ ಗೊಬ್ಬರದ ಗುಂಡಿಯಷ್ಟು! ಸೂರ್ಯನ ಗಾತ್ರ ದೊಡ್ಡದು, ಹಾಗಾಗಿ ಅದಕ್ಕೆ ನಡೆಯುತ್ತದೆ. ನಮಗೆ ಒಂದು ಕಟ್ಟಡದೊಳಗೆ ನೂರಾರು ಮೆಗಾವ್ಯಾಟ್ ಬೇಕು. ಅದಕ್ಕೇ ಸುಲಭವಾಗಿ ಕೂಡುವ ಇಂಧನ ಆರಿಸಿಕೊಂಡು, ಸೂರ್ಯನ ಹತ್ತು ಪಟ್ಟು, ಅಂದರೆ 15 ಕೋಟಿ ಡಿಗ್ರಿವರೆಗೆ ಕಾಯಿಸುತ್ತಾರೆ. ‘ಭೂಮಿಯ ಮೇಲೊಂದು ಸೂರ್ಯ’ ಅನ್ನುವ ಮಾತು ಕೇಳಲು ಚೆನ್ನ, ಅಷ್ಟೇ. ನಿಜವಾದ ಸೂರ್ಯನಂಥದ್ದು ಮಾಡಿದರೆ ನಮಗೆ ಏನೂ ಗಿಟ್ಟುವುದಿಲ್ಲ.

15 ಕೋಟಿ ಡಿಗ್ರಿ ಬಿಸಿನ ಯಾವ ಪಾತ್ರೆಯಲ್ಲಿ ಇಡ್ತಾರೆ?

ಪಾತ್ರೆಗೆ ತಾಗದಂತೆ ಇಡುತ್ತಾರೆ. ಅಷ್ಟು ಬಿಸಿಯಲ್ಲಿ ಎಲೆಕ್ಟ್ರಾನ್‌ಗಳು ಕಳಚಿಕೊಂಡು ಅನಿಲ ಪ್ಲಾಸ್ಮಾ ಆಗಿರುತ್ತದೆ. ಅದರ ಕಣಗಳಿಗೆ ಚಾರ್ಜ್ ಇರುವುದರಿಂದ ಅಯಸ್ಕಾಂತದ ಬಲರೇಖೆಗಳನ್ನು ಸುತ್ತಿಕೊಂಡು ಓಡುತ್ತವೆ. ಬಲರೇಖೆಗಳನ್ನೇ ಬಳೆಯಂತೆ ಬಗ್ಗಿಸಿದರೆ ಪ್ಲಾಸ್ಮಾ ಅದರೊಳಗೆ ಸುತ್ತುತ್ತಿರುತ್ತದೆ. ಈ ಬಳೆ ಆಕಾರದ ಯಂತ್ರವೇ ಟೊಕಮಾಕ್. 1950ರ ದಶಕದ ಸೋವಿಯತ್ ರಷ್ಯಾದ ಕೂಸು.

ಇನ್ನೊಂದು ಸಂಗತಿ. ಆ ಪ್ಲಾಸ್ಮಾ ನಾವು ಉಸಿರಾಡುವ ಗಾಳಿಗಿಂತ ಲಕ್ಷಾಂತರ ಪಟ್ಟು ತೆಳು. ವೆಲ್ಡಿಂಗ್ ಕಿಡಿ ಕೈಗೆ ಬಿದ್ದರೆ ಚುರ್ ಅನ್ನುತ್ತದೆ, ಒರೆಸಿಕೊಂಡು ಹೋಗುತ್ತೇವೆ. ಬಕೆಟ್ ಕುದಿನೀರು ಬಿದ್ದರೆ ಆಸ್ಪತ್ರೆಯೇ ಗತಿ. ಕಿಡಿಯ ಬಿಸಿ ಜಾಸ್ತಿ, ಅದರೊಳಗಿನ ಶಾಖ ಕಡಿಮೆ. ಪ್ಲಾಸ್ಮಾದ್ದೂ ಇದೇ ಕತೆ.

ಕೈತಪ್ಪಿದ್ರೆ ಹೈಡ್ರೋಜನ್ ಬಾಂಬ್ ಥರ ಸಿಡಿಯಲ್ವಾ?

ಇಲ್ಲ. ಹೈಡ್ರೋಜನ್ ಬಾಂಬಿಗೆ ಕಿಡಿ ಹಚ್ಚುವುದೇ ಇನ್ನೊಂದು ಅಣುಬಾಂಬು. ಇಲ್ಲಿ ಅದಿಲ್ಲ. ಯಂತ್ರದೊಳಗೆ ಒಂದು ಹೊತ್ತಿಗೆ ಇರುವ ಇಂಧನ ಕೆಲವೇ ಗ್ರಾಂ. ಏನೇ ಎಡವಟ್ಟಾದರೂ ಪ್ಲಾಸ್ಮಾ ತಣ್ಣಗಾಗಿ ನಿಂತುಹೋಗುತ್ತದೆ. ಫ್ಯೂಷನ್‌ನ ಕಷ್ಟ ಅದನ್ನು ನಿಲ್ಲಿಸುವುದಲ್ಲ, ನಡೆಸುವುದು.

ತ್ಯಾಜ್ಯವೇ ಇಲ್ಲ ಅಂತಾರೆ, ನಿಜಾನಾ?

ಪೂರ್ತಿ ನಿಜ ಅಲ್ಲ. ಉರಿದ ಮೇಲೆ ಉಳಿಯುವ ಬೂದಿ ಹೀಲಿಯಂ, ಅದರಿಂದ ತೊಂದರೆ ಇಲ್ಲ. ಆದರೆ ನ್ಯೂಟ್ರಾನ್ ಹೊಡೆತ ತಿಂದ ಉಕ್ಕಿನ ಗೋಡೆ ವಿಕಿರಣಶೀಲವಾಗುತ್ತದೆ. ಸರಿಯಾದ ಮಿಶ್ರಲೋಹ ಆರಿಸಿದರೆ ಅದು ಸುಮಾರು ನೂರು ವರ್ಷದಲ್ಲಿ ಬಹುಪಾಲು ತಣಿಯುತ್ತದೆ. ಯುರೇನಿಯಂ ತ್ಯಾಜ್ಯದಂತೆ ಸಾವಿರಾರು ವರ್ಷ ಹೂತಿಡಬೇಕಿಲ್ಲ. ಟ್ರಿಟಿಯಂ ಕೂಡ ವಿಕಿರಣಶೀಲ, ಅದೂ ಹೈಡ್ರೋಜನ್ನೇ ಆದ್ದರಿಂದ ಬಿಸಿ ಲೋಹದ ಮೂಲಕ ಜಿನುಗುವ ಚಾಳಿ ಅದಕ್ಕಿದೆ. ಫಿಷನ್‌ಗಿಂತ ಬಹಳ ವಾಸಿ. ‘ಏನೂ ಇಲ್ಲ’ ಅಂದರೆ ಸುಳ್ಳು.

ಇಷ್ಟೆಲ್ಲ ಮಾಡಿ ಕೊನೆಗೆ ನೀರು ಕಾಯಿಸೋದಾ?

ಹೌದು! ಕೇಳಿದವರು ನಗುತ್ತಾ ಕೇಳಿದ್ದರು, ಆದರೆ ಇದು ಗಟ್ಟಿ ಪ್ರಶ್ನೆ. ನ್ಯೂಟ್ರಾನ್ ಗೋಡೆಗೆ ಬಡಿದು ಬಿಸಿ ಮಾಡುತ್ತದೆ, ಆ ಬಿಸಿ ಆವಿ ಮಾಡುತ್ತದೆ, ಆವಿ ಟರ್ಬೈನ್ ತಿರುಗಿಸುತ್ತದೆ. ಕಲ್ಲಿದ್ದಲ ಸ್ಥಾವರದ ಹಿಂದಿನ ಅರ್ಧ ಇಲ್ಲೂ ಹಾಗೇ ಇರುತ್ತದೆ. ಬಿಸಿಯಲ್ಲಿ ಸುಮಾರು ಮೂರನೇ ಒಂದು ಪಾಲು ಮಾತ್ರ ವಿದ್ಯುತ್ತಾಗುತ್ತದೆ.

## ಸುದ್ದಿಯಲ್ಲಿ ಬಂದದ್ದು

2022ರಲ್ಲಿ ‘ಹಾಕಿದ್ದಕ್ಕಿಂತ ಜಾಸ್ತಿ ಬಂತು’ ಅಂತ ಬಂತಲ್ಲ, ಮುಗೀತಲ್ವಾ?

ಇದಕ್ಕೆ ಸ್ವಲ್ಪ ವಿವರವಾಗಿಯೇ ಉತ್ತರಿಸಬೇಕು, ಯಾಕೆಂದರೆ ಎಲ್ಲ ಗೊಂದಲ ಇಲ್ಲಿಂದಲೇ ಶುರು.

2022ರ ಡಿಸೆಂಬರ್ 5ರಂದು ಅಮೆರಿಕದ ಕ್ಯಾಲಿಫೋರ್ನಿಯಾದ ನ್ಯಾಷನಲ್ ಇಗ್ನಿಷನ್ ಫೆಸಿಲಿಟಿ ಅನ್ನುವ ಲೇಸರ್ ಕೇಂದ್ರದಲ್ಲಿ ನಡೆದದ್ದು ಇದು. ಇಲ್ಲಿ ಟೊಕಮಾಕ್ ಇಲ್ಲ, ದಾರಿಯೇ ಬೇರೆ. ಸುಮಾರು ಒಂದು ಸೆಂಟಿಮೀಟರ್ ಉದ್ದದ ಚಿನ್ನದ ಪುಟ್ಟ ಕೊಳವೆ. ಅದರೊಳಗೆ ಕಾಳುಮೆಣಸಿಗಿಂತ ಚಿಕ್ಕದಾದ ವಜ್ರದ ಗೋಲಿ. ಗೋಲಿಯ ಒಳಮೈಗೆ ಹೆಪ್ಪುಗಟ್ಟಿದ ಡ್ಯೂಟೀರಿಯಂ, ಟ್ರಿಟಿಯಂ. 192 ಲೇಸರ್ ಕಿರಣಗಳು ಕೊಳವೆಯ ಎರಡೂ ಬಾಯಿಂದ ನುಗ್ಗಿ ಒಳಗೋಡೆಗೆ ಬಡಿಯುತ್ತವೆ. ಚಿನ್ನ ಕಾದು ಎಕ್ಸ್-ರೇ ಸೂಸುತ್ತದೆ. ಗೋಲಿಯ ಹೊರಪದರ ಹೊರಕ್ಕೆ ಸಿಡಿಯುತ್ತದೆ, ಅದರ ಒತ್ತಡಕ್ಕೆ ಒಳಗಿನದು ಒಳಕ್ಕೆ ಕುಸಿಯುತ್ತದೆ. ಲೇಸರ್ ಕೊಟ್ಟದ್ದು 2.05 ಮೆಗಾಜೂಲ್, ಫ್ಯೂಷನ್ ಕೊಟ್ಟದ್ದು 3.15. ಇತಿಹಾಸದಲ್ಲೇ ಮೊದಲು. ಇದನ್ನು ಯಾರೂ ಸಣ್ಣದು ಮಾಡಬಾರದು.

ಈಗ ಲೆಕ್ಕ ನೋಡಿ. 3.15 ಮೆಗಾಜೂಲ್ ಅಂದರೆ ಒಂದು ಯೂನಿಟ್ ವಿದ್ಯುತ್ತೂ ಅಲ್ಲ, 0.87 ಯೂನಿಟ್. ಹತ್ತು ಲೀಟರ್ ನೀರು ಕುದಿಸಬಹುದು. ಆ ಲೇಸರ್‌ಗಳನ್ನು ಚಾರ್ಜ್ ಮಾಡಲು ಗೋಡೆಯ ಪ್ಲಗ್ಗಿನಿಂದ ಎಳೆದದ್ದು ಸುಮಾರು 300 ಮೆಗಾಜೂಲ್, ಅಂದರೆ 83 ಯೂನಿಟ್. ‘ಹಾಕಿದ್ದು’ ಅಂತ ಸುದ್ದಿಯಲ್ಲಿ ಹೇಳಿದ್ದು ಗೋಲಿಯ ಕಡೆಗೆ ಹೋದ ಬೆಳಕನ್ನು, ಮೀಟರ್ ಓಡಿದ್ದನ್ನಲ್ಲ.

2025ರಲ್ಲಿ ಇದೇ ಯಂತ್ರ 8.6 ಮೆಗಾಜೂಲ್ ಮುಟ್ಟಿದೆ. ಆದರೂ ವಿದ್ಯುತ್ ಸ್ಥಾವರ ಆಗಬೇಕಾದರೆ ಸೆಕೆಂಡಿಗೆ ಹತ್ತು ಗೋಲಿ ಸಿಡಿಸಬೇಕು. ದಿನಕ್ಕೆ 8,64,000 ಗೋಲಿ. ಪ್ರತಿಯೊಂದೂ ಕೂದಲೆಳೆಗಿಂತ ನಯವಾದ ಕುಸುರಿ ಕೆಲಸ, ಒಂದೇ ಏಟಿಗೆ ಪುಡಿ.

ಕ್ಯೂ, ಕ್ಯೂ ಅಂತಿರ್ತಾರಲ್ಲ, ಏನದು?

ಪ್ಲಾಸ್ಮಾದೊಳಗೆ ಹಾಕಿದ ಶಾಖ ಎಷ್ಟು, ಫ್ಯೂಷನ್ ಕೊಟ್ಟ ಶಕ್ತಿ ಎಷ್ಟು ಅನ್ನುವ ಅನುಪಾತವೇ ಕ್ಯೂ. ಕ್ಯೂ 1 ಆದರೆ ಸರಿಸಮ. ಇಂಗ್ಲೆಂಡಿನ ಕಲ್ಹಮ್‌ನಲ್ಲಿದ್ದ ಜೆಟ್ ಅನ್ನುವ ಹೆಸರಿನ ಟೊಕಮಾಕ್ 1997ರಲ್ಲಿ 24 ಮೆಗಾವ್ಯಾಟ್ ತಿಂದು 16 ಮೆಗಾವ್ಯಾಟ್ ಕೊಟ್ಟಿತು. ಕ್ಯೂ 0.67. ಹಲವು ದೇಶಗಳು ಸೇರಿ ಫ್ರಾನ್ಸ್‌ನಲ್ಲಿ ಕಟ್ಟುತ್ತಿರುವ ದೊಡ್ಡ ಟೊಕಮಾಕ್ ಐಟರ್‌ನ ಗುರಿ 10, ಅಂದರೆ 50ಕ್ಕೆ 500 ಮೆಗಾವ್ಯಾಟ್.

ಆದರೆ ಈ ಕ್ಯೂ ಸ್ಥಾವರದ ಲೆಕ್ಕ ಅಲ್ಲ. ಶಾಖ ಹಾಕುವ ಉಪಕರಣಗಳಲ್ಲೇ ಅರ್ಧಕ್ಕರ್ಧ ಸೋರಿಹೋಗುತ್ತದೆ. ಅಯಸ್ಕಾಂತ ತಣ್ಣಗಿಡುವುದಕ್ಕೆ, ಪಂಪುಗಳಿಗೆ ಬೇರೆ ವಿದ್ಯುತ್ ಬೇಕು. ಬಂದ ಬಿಸಿಯಲ್ಲಿ ಮೂರನೇ ಒಂದು ಪಾಲೇ ವಿದ್ಯುತ್ತು. ಇಷ್ಟೆಲ್ಲ ಕಳೆದರೆ ಕ್ಯೂ 10 ಕೂಡ ಮೂಗಿಗಿಂತ ಮೂಗುತಿ ಭಾರ ಅನ್ನುವ ಹಾಗೆ. ಮಾರಾಟಕ್ಕೆ ವಿದ್ಯುತ್ ಉಳಿಯಬೇಕಾದರೆ 20–30 ಬೇಕು ಅನ್ನುತ್ತಾರೆ. ಹಾಗಾಗಿ ಸುದ್ದಿ ಓದುವಾಗ ನಾನು ಕೇಳಿಕೊಳ್ಳುವುದು ಒಂದೇ: ಯಾವ ಗೆರೆಯ ಒಳಗಿನ ಲೆಕ್ಕ ಇದು?

ಜೆಟ್ ಯಂತ್ರ ಅಷ್ಟು ಚೆನ್ನಾಗಿತ್ತು ಅಂದ್ರೆ ಯಾಕೆ ಮುಚ್ಚಿದ್ರು?

ವಯಸ್ಸಾಗಿತ್ತು. 1983ರಲ್ಲಿ ಶುರುವಾಗಿ 2023ರ ಡಿಸೆಂಬರ್‌ನಲ್ಲಿ ನಿಂತಿತು. ಹೋಗುವ ಮುಂಚೆ, ಅದೇ ವರ್ಷ ಅಕ್ಟೋಬರಿನಲ್ಲಿ, ಐದು ಸೆಕೆಂಡಿಗೆ 69 ಮೆಗಾಜೂಲ್ ಕೊಟ್ಟಿತು. ಅದಕ್ಕೆ ಸುಟ್ಟ ಇಂಧನ 0.2 ಮಿಲಿಗ್ರಾಂ. ಈ ಸಂಖ್ಯೆಯನ್ನು ಎರಡು ಸಲ ಓದಿ. ಒಂದು ಚಿಟಿಕೆಯೂ ಅಲ್ಲದ ಇಂಧನಕ್ಕೆ 19 ಯೂನಿಟ್‌ನಷ್ಟು ಬಿಸಿ. ಜನ ಫ್ಯೂಷನ್ ಹಿಂದೆ ಬಿದ್ದಿರುವುದು ಸುಮ್ನೆ ಅಲ್ಲ.

ಆದರೆ ಅದರ ಅಯಸ್ಕಾಂತಗಳು ತಾಮ್ರದವು. ಕೆಲವು ಸೆಕೆಂಡಿನಲ್ಲೇ ವಿಪರೀತ ಕಾಯುತ್ತಿದ್ದವು. ಒಮ್ಮೆಗೇ ಬೇಕಾದಷ್ಟು ವಿದ್ಯುತ್ತನ್ನು ಗ್ರಿಡ್‌ನಿಂದ ಎಳೆಯುವಂತಿರಲಿಲ್ಲ. ಅದಕ್ಕೇ ತಲಾ 775 ಟನ್ ತೂಕದ ಎರಡು ಫ್ಲೈವೀಲ್‌ಗಳನ್ನು, ಅಂದರೆ ಭಾರೀ ಚಕ್ರಗಳನ್ನು, ಮೊದಲೇ ತಿರುಗಿಸಿಟ್ಟು, ಅವುಗಳಿಂದ ಶಕ್ತಿ ಕಸಿದುಕೊಳ್ಳುತ್ತಿದ್ದರು.

ಚೀನಾದ ‘ಕೃತಕ ಸೂರ್ಯ’ ಸಾವಿರ ಸೆಕೆಂಡು ಉರೀತಂತೆ?

2025ರ ಜನವರಿಯಲ್ಲಿ ಚೀನಾದ ಈಸ್ಟ್ ಯಂತ್ರ ಪ್ಲಾಸ್ಮಾವನ್ನು 1,066 ಸೆಕೆಂಡು ಹಿಡಿದಿಟ್ಟಿತು. ಮುಂದಿನ ತಿಂಗಳೇ ಫ್ರಾನ್ಸ್‌ನ ವೆಸ್ಟ್ 1,337 ಸೆಕೆಂಡು ಮುಟ್ಟಿತು. ಹೆಸರುಗಳು ಈಸ್ಟ್, ವೆಸ್ಟ್! ಆದರೆ ಎರಡರಲ್ಲೂ ಟ್ರಿಟಿಯಂ ಇರಲಿಲ್ಲ. ಅದು ಹಿಡಿದಿಡುವ ಪರೀಕ್ಷೆ, ಉರಿಸುವ ಪರೀಕ್ಷೆ ಅಲ್ಲ. ಜೆಟ್ ಉರಿಸಿತು, ಹೆಚ್ಚು ಹೊತ್ತು ಹಿಡಿಯಲಿಲ್ಲ. ಇವು ಹಿಡಿದವು, ಉರಿಸಲಿಲ್ಲ. ಎರಡನ್ನೂ ಒಟ್ಟಿಗೆ ಮಾಡಿದವರು ಇನ್ನೂ ಇಲ್ಲ.

ಐಟರ್ ಕತೆ ಏನಾಯ್ತು?

ಯುರೋಪಿಯನ್ ಒಕ್ಕೂಟ, ಭಾರತ, ಚೀನಾ, ಜಪಾನ್, ಕೊರಿಯಾ, ರಷ್ಯಾ, ಅಮೆರಿಕ ಸೇರಿ 2006ರಲ್ಲಿ ಒಪ್ಪಂದ ಮಾಡಿಕೊಂಡರು. 2025ಕ್ಕೆ ಮೊದಲ ಪ್ಲಾಸ್ಮಾ ಅಂತಿದ್ದದ್ದು ಕೈತಪ್ಪಿತು. 2024ರಲ್ಲಿ ಪ್ರಕಟಿಸಿದ ಹೊಸ ವೇಳಾಪಟ್ಟಿಯಲ್ಲಿ ಸಂಶೋಧನೆ ಶುರುವಾಗುವುದು 2034ಕ್ಕೆ, ಡ್ಯೂಟೀರಿಯಂ–ಟ್ರಿಟಿಯಂ ಉರಿಸುವುದು 2039ಕ್ಕೆ. ಯಾಕೆಂದರೆ ಪ್ಲಾಸ್ಮಾ ಇರುವ ನಿರ್ವಾತ ಪಾತ್ರೆಯ ತುಂಡುಗಳು ಒಂದಕ್ಕೊಂದು ಸರಿಯಾಗಿ ಕೂರಲಿಲ್ಲ, ತಣ್ಣಗಿಡುವ ಪೈಪುಗಳಲ್ಲಿ ಬಿರುಕು ಕಂಡವು.

ನನ್ನ ಅನಿಸಿಕೆ ಕೇಳಿದರೆ, ತಡಕ್ಕೆ ಅರ್ಧ ಕಾರಣ ಕೆಲಸ ಹಂಚಿದ ರೀತಿ. ಪ್ರತಿ ದೇಶಕ್ಕೂ ತಾನೇ ಭಾಗಗಳನ್ನು ಮಾಡಿ ಕಲಿಯಬೇಕಿತ್ತು. ಕ್ರಯೋಸ್ಟಾಟ್ ಅನ್ನುವ ಹೊರಕವಚ, ಸುಮಾರು 29 ಮೀಟರ್ ಎತ್ತರದ್ದು, ಭಾರತದಲ್ಲಿ ತಯಾರಾಯಿತು. ಹತ್ತಾರು ಕಡೆ ಮಾಡಿದ್ದನ್ನು ಒಂದೆಡೆ ಮಿಲಿಮೀಟರ್ ಲೆಕ್ಕದಲ್ಲಿ ಜೋಡಿಸುವುದು ಹುಡುಗಾಟವಲ್ಲ. ಅಂದಹಾಗೆ, ಐಟರ್ ಒಂದು ಯೂನಿಟ್ ವಿದ್ಯುತ್ತನ್ನೂ ಗ್ರಿಡ್‌ಗೆ ಕೊಡುವುದಿಲ್ಲ. ಅದಕ್ಕೆ ಟರ್ಬೈನೇ ಇಲ್ಲ.

## ದುಡ್ಡು, ಕಾಲ

ನಾನು ಚಿಕ್ಕವನಿದ್ದಾಗಲೂ ‘ಇನ್ನು ಮೂವತ್ತು ವರ್ಷ’ ಅಂತಿದ್ರು. ಇದೇನು ಹಗಲುಗನಸಾ?

ನಿಮಗಿಂತ ಹಳೆಯ ಚಾಳಿ ಇದು. 1955ರಲ್ಲಿ ಜಿನೀವಾದ ಅಣುಶಕ್ತಿ ಸಮ್ಮೇಳನದ ಅಧ್ಯಕ್ಷರಾಗಿದ್ದ ಹೋಮಿ ಭಾಭಾ, ಎರಡು ದಶಕದಲ್ಲಿ ಫ್ಯೂಷನ್ ಹತೋಟಿಗೆ ಬರಬಹುದು ಅಂದಿದ್ದರು. 1958ರ ಜನವರಿಯಲ್ಲಿ ಬ್ರಿಟನ್ನಿನವರು ಜೀಟಾ ಯಂತ್ರದಲ್ಲಿ ಫ್ಯೂಷನ್ ಕಂಡೆವು ಅಂತ ಸಾರಿದರು, ಕೆಲವೇ ತಿಂಗಳಲ್ಲಿ ಅಲ್ಲ ಅಂತ ಒಪ್ಪಿಕೊಂಡರು.

ಅವರೆಲ್ಲ ದಡ್ಡರಲ್ಲ. ಪ್ಲಾಸ್ಮಾ ಎಷ್ಟು ತುಂಟ ಅಂತ ಆಗ ಗೊತ್ತಿರಲಿಲ್ಲ. ಸಾಂದ್ರತೆ, ಬಿಸಿ, ಶಾಖ ಹಿಡಿದಿಡುವ ಹೊತ್ತು, ಈ ಮೂರನ್ನೂ ಗುಣಿಸಿದ ಸಂಖ್ಯೆ 1960ರ ದಶಕದಿಂದ 1990ರ ದಶಕದವರೆಗೆ ಸಾವಿರಾರು ಪಟ್ಟು ಏರಿತು. ಆಮೇಲೆ ಏರಿಕೆ ನಿಧಾನವಾಯಿತು, ಯಾಕೆಂದರೆ ಮುಂದಿನ ಮೆಟ್ಟಿಲಿಗೆ ಐಟರ್‌ನಂಥ ಯಂತ್ರ ಬೇಕಿತ್ತು. ಅದು ಇನ್ನೂ ಕಟ್ಟುತ್ತಲೇ ಇದ್ದಾರೆ.

ಖಾಸಗಿ ಕಂಪನಿಗಳು ಇನ್ನೇನು ಕೊಟ್ಟೇಬಿಡ್ತೀವಿ ಅಂತಿವೆ, ನಂಬಬಹುದಾ?

ಕಂಪನಿಗಳನ್ನು ನಂಬಬಹುದು, ಅವು ಹೇಳುವ ತಾರೀಕುಗಳನ್ನು ಬೇಡ.

ನಿಜವಾಗಿ ಬದಲಾದದ್ದು ಅಯಸ್ಕಾಂತ. ಕಾಂತಕ್ಷೇತ್ರ ಎರಡು ಪಟ್ಟಾದರೆ ಅದೇ ಗಾತ್ರದ ಯಂತ್ರ ಸುಮಾರು 16 ಪಟ್ಟು ಫ್ಯೂಷನ್ ಶಕ್ತಿ ಕೊಡಬಲ್ಲದು. 2021ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಕಾಮನ್‌ವೆಲ್ತ್ ಫ್ಯೂಷನ್ ಸಿಸ್ಟಮ್ಸ್ ಮತ್ತು ಎಂಐಟಿ ವಿಶ್ವವಿದ್ಯಾಲಯ ಸೇರಿ ಹೊಸ ಬಗೆಯ ಸೂಪರ್ ಕಂಡಕ್ಟರ್ (ತಡೆಯಿಲ್ಲದೆ ವಿದ್ಯುತ್ ಹರಿಸುವ ವಸ್ತು) ಪಟ್ಟಿಯಿಂದ 20 ಟೆಸ್ಲಾ ಕಾಂತಕ್ಷೇತ್ರ ಮುಟ್ಟಿಸಿದರು. ಟೆಸ್ಲಾ ಅಂದರೆ ಕಾಂತಕ್ಷೇತ್ರ ಅಳೆಯುವ ಮಾನ. ಅದರಿಂದಲೇ ಐಟರ್‌ಗಿಂತ ಎಷ್ಟೋ ಚಿಕ್ಕದಾದ ಸ್ಪಾರ್ಕ್ ಯಂತ್ರ ಕಟ್ಟುತ್ತಿದ್ದಾರೆ. ಅದು ಕ್ಯೂ 1 ದಾಟಿದರೆ ನಾನು ಎದ್ದು ನಿಂತು ಚಪ್ಪಾಳೆ ತಟ್ಟುತ್ತೇನೆ. ಹೀಲಿಯನ್ ಅನ್ನುವ ಇನ್ನೊಂದು ಕಂಪನಿ 2028ಕ್ಕೆ ಮೈಕ್ರೋಸಾಫ್ಟ್‌ಗೆ ವಿದ್ಯುತ್ ಕೊಡುತ್ತೇನೆಂದು 2023ರಲ್ಲೇ ಒಪ್ಪಂದ ಮಾಡಿಕೊಂಡಿದೆ. ಒಪ್ಪಂದಕ್ಕೆ ಸಹಿ ಹಾಕುವುದು ಸುಲಭ, ಪ್ಲಾಸ್ಮಾ ಸಹಿ ಹಾಕುವುದಿಲ್ಲ.

ಬಂದ ಮೇಲೆ ಕರೆಂಟು ಪುಕ್ಕಟೆ ಸಿಗುತ್ತಾ?

ಇಲ್ಲ. ಇಂಧನದ ಖರ್ಚು ಲೆಕ್ಕಕ್ಕಿಲ್ಲ, ಸರಿ. ಬಿಸಿಲೂ ಪುಕ್ಕಟೆಯೇ, ಸೋಲಾರ್ ಪ್ಯಾನಲ್ ಪುಕ್ಕಟೆಯಲ್ಲ. ಇಲ್ಲಿ ಖರ್ಚೆಲ್ಲ ಯಂತ್ರಕ್ಕೆ, ಅದರ ಸಾಲದ ಬಡ್ಡಿಗೆ, ರಿಪೇರಿಗೆ ನಿಲ್ಲುವ ದಿನಗಳಿಗೆ. ಶಾಖ ಪೂರ್ತಿ ಪುಕ್ಕಟೆ ಸಿಕ್ಕಿದರೂ ಟರ್ಬೈನ್, ಜನರೇಟರ್, ತಂತಿ ಇದ್ದೇ ಇವೆ.

ಹಾಗಾದ್ರೆ ಸೋಲಾರ್ ಸಾಕಲ್ವಾ? ಇದಕ್ಕೆ ಯಾಕೆ ದುಡ್ಡು ಸುರೀಬೇಕು?

ಮುಂದಿನ ಇಪ್ಪತ್ತು ವರ್ಷದ ಇಂಗಾಲ ಇಳಿಸುವ ಕೆಲಸ ಸೋಲಾರ್, ಗಾಳಿ, ಬ್ಯಾಟರಿ, ಫಿಷನ್‌ನದ್ದೇ. ಫ್ಯೂಷನ್ ಬರುತ್ತದೆ ಅಂತ ಅವನ್ನು ತಡೆದರೆ ಅದಕ್ಕಿಂತ ಮೂರ್ಖತನ ಇನ್ನೊಂದಿಲ್ಲ. ಮೊದಲ ಮಾದರಿ ಸ್ಥಾವರಗಳು 2040ರ ಆಸುಪಾಸು ಬರಬಹುದು, ಗ್ರಿಡ್‌ನಲ್ಲಿ ಲೆಕ್ಕಕ್ಕೆ ಸಿಗುವಷ್ಟು ಆಗುವುದು 2050ರ ನಂತರ ಅನ್ನುವುದು ನನ್ನ ಅಂದಾಜು. ಆದರೆ ಹಗಲಿರುಳು ನಡೆಯುವ, ಕಡಿಮೆ ಜಾಗ ಸಾಕಾಗುವ ಶಾಖದ ಮೂಲ ಆಗಲೂ ಬೇಕಾಗುತ್ತದೆ.

## ಸ್ವಲ್ಪ ಆಳಕ್ಕೆ

ಸಮುದ್ರದ ನೀರಿನಲ್ಲಿ ಕೋಟ್ಯಂತರ ವರ್ಷಕ್ಕಾಗುವಷ್ಟು ಇಂಧನ ಇದೆ ಅಂತಾರೆ, ಮತ್ತೆ ಕೊರತೆ ಎಲ್ಲಿ?

ಡ್ಯೂಟೀರಿಯಂ ಇದೆ, ಒಂದು ಘನ ಮೀಟರ್ ನೀರಿನಲ್ಲಿ ಸುಮಾರು 33 ಗ್ರಾಂ. ಟ್ರಿಟಿಯಂ ಇಲ್ಲ. ಅದರ ಅರ್ಧಾಯು 12.3 ವರ್ಷ, ಅಂದರೆ ಅಷ್ಟರಲ್ಲಿ ಅರ್ಧದಷ್ಟು ತಾನಾಗೇ ಕ್ಷಯಿಸುತ್ತದೆ. ಕೂಡಿಟ್ಟರೂ ಕರಗಿಹೋಗುತ್ತದೆ. ನಾಗರಿಕ ಬಳಕೆಗೆ ಜಗತ್ತಿನಲ್ಲಿರುವುದು ಕೆಲವೇ ಹತ್ತು ಕಿಲೋ, ಬಹುಪಾಲು ಕೆನಡಾದ ಭಾರಜಲ ರಿಯಾಕ್ಟರುಗಳಲ್ಲಿ ಹುಟ್ಟಿದ್ದು. 1,000 ಮೆಗಾವ್ಯಾಟ್ ವಿದ್ಯುತ್ ಕೊಡುವ ಫ್ಯೂಷನ್ ಸ್ಥಾವರ ವರ್ಷಕ್ಕೆ 150 ಕಿಲೋ ಆಸುಪಾಸು ಸುಡುತ್ತದೆ. ಜಗತ್ತಿನ ದಾಸ್ತಾನು ಒಂದೇ ಸ್ಥಾವರಕ್ಕೆ ಕೆಲವು ತಿಂಗಳಲ್ಲಿ ಖಾಲಿ.

ಹಾಗಾಗಿ ಸ್ಥಾವರ ತನ್ನ ಟ್ರಿಟಿಯಂ ತಾನೇ ಹುಟ್ಟಿಸಿಕೊಳ್ಳಬೇಕು. ಗೋಡೆಯ ಹಿಂದೆ ಲಿಥಿಯಂ ಇಟ್ಟರೆ, ಅದಕ್ಕೆ ನ್ಯೂಟ್ರಾನ್ ಬಡಿದು ಟ್ರಿಟಿಯಂ ಹುಟ್ಟುತ್ತದೆ. ಲೆಕ್ಕದ ಬಿಗಿ ನೋಡಿ: ಒಂದು ಟ್ರಿಟಿಯಂ ಸುಟ್ಟರೆ ಸಿಗುವುದು ಒಂದೇ ನ್ಯೂಟ್ರಾನ್. ಅದು ಒಂದು ಟ್ರಿಟಿಯಂ ಹುಟ್ಟಿಸಲೇಬೇಕು. ಕೆಲವು ನ್ಯೂಟ್ರಾನ್ ಉಕ್ಕಿಗೆ ಹೋಗುತ್ತವೆ, ಕೆಲವು ಕಿಂಡಿಗಳಿಂದ ತಪ್ಪಿಸಿಕೊಳ್ಳುತ್ತವೆ. ಆ ನಷ್ಟ ತುಂಬಲು ಸೀಸ ಅಥವಾ ಬೆರಿಲಿಯಂ ಬೆರೆಸಿ ನ್ಯೂಟ್ರಾನ್ ಸಂಖ್ಯೆ ಹೆಚ್ಚಿಸಬೇಕು. ಇದುವರೆಗೆ ಯಾವ ಫ್ಯೂಷನ್ ಯಂತ್ರವೂ ತನಗೆ ಬೇಕಾದ ಟ್ರಿಟಿಯಂ ತಾನೇ ಮಾಡಿಕೊಂಡಿಲ್ಲ. ಕ್ಯೂ ಬಗ್ಗೆ ಬರುವ ಹತ್ತು ಸುದ್ದಿಗಿಂತ ಇದರ ಬಗ್ಗೆ ಒಂದು ಒಳ್ಳೆಯ ಸುದ್ದಿ ಬಂದರೆ ನನಗೆ ಜಾಸ್ತಿ ಖುಷಿ.

ಗೋಡೆ ಎಷ್ಟು ವರ್ಷ ಬಾಳುತ್ತೆ?

ನ್ಯೂಟ್ರಾನ್‌ಗೆ ಚಾರ್ಜ್ ಇಲ್ಲ, ಅಯಸ್ಕಾಂತಕ್ಕೆ ಬಗ್ಗುವುದಿಲ್ಲ. ನೇರ ಗೋಡೆಗೆ. ಉಕ್ಕಿನ ಒಂದೊಂದು ಪರಮಾಣುವೂ ಸ್ಥಾವರದ ಆಯಸ್ಸಿನಲ್ಲಿ ಹತ್ತಾರು ಸಲ ಜಾಗ ಕಳೆದುಕೊಳ್ಳುತ್ತದೆ. ಒಳಗೆ ಹೀಲಿಯಂ ಗುಳ್ಳೆಗಳೂ ಹುಟ್ಟಿ ಉಕ್ಕು ಪೆಡಸಾಗುತ್ತದೆ. ಹಾಗಾಗಿ ಒಳಗೋಡೆಯನ್ನು ಕೆಲವು ವರ್ಷಕ್ಕೊಮ್ಮೆ ರೋಬೋಗಳೇ ಬಿಚ್ಚಿ ಬದಲಿಸಬೇಕು. ಇಷ್ಟು ವೇಗದ ನ್ಯೂಟ್ರಾನ್‌ಗಳ ಇಷ್ಟು ಜಡಿಮಳೆಯಲ್ಲಿ ಲೋಹ ಪರೀಕ್ಷಿಸುವ ಕೇಂದ್ರವೇ ಇದುವರೆಗೆ ಇರಲಿಲ್ಲ. ಅದಕ್ಕೆಂದೇ ಸ್ಪೇನಿನ ಗ್ರನಾಡ ಬಳಿ ಒಂದನ್ನು ಕಟ್ಟುತ್ತಿದ್ದಾರೆ.

ತಳದಲ್ಲಿ ಬೂದಿ ಹೊರಹೋಗುವ ಜಾಗ, ಅಂದರೆ ಡೈವರ್ಟರ್‌ನದ್ದು ಬೇರೆ ಪಾಡು. ಅಲ್ಲಿ ಚದರ ಮೀಟರ್‌ಗೆ 10 ಮೆಗಾವ್ಯಾಟ್ ಶಾಖ, ನಡುಮಧ್ಯಾಹ್ನದ ಬಿಸಿಲಿನ ಹತ್ತು ಸಾವಿರ ಪಟ್ಟು. ಟಂಗ್‌ಸ್ಟನ್ ಬಿಟ್ಟರೆ ಗಟ್ಟಿ ಲೋಹಗಳಲ್ಲಿ ಹೆಚ್ಚು ಆಯ್ಕೆ ಇಲ್ಲ.

ನ್ಯೂಟ್ರಾನೇ ಬರದ ಇಂಧನ ಬಳಸಬಹುದಲ್ಲ? ಚಂದ್ರನ ಹೀಲಿಯಂ-3?

ಹೀಲಿಯಂ-3 ಅಂದರೆ ಒಂದು ನ್ಯೂಟ್ರಾನ್ ಕಡಿಮೆ ಇರುವ ಹೀಲಿಯಂ, ಚಂದ್ರನ ಮಣ್ಣಿನಿಂದ ತರಬಹುದು ಅನ್ನುತ್ತಾರೆ. ಡ್ಯೂಟೀರಿಯಂ–ಹೀಲಿಯಂ-3 ಜೋಡಿಗೆ ಇನ್ನೂ ಹಲವು ಪಟ್ಟು ಬಿಸಿ ಬೇಕು. ಅದರಲ್ಲೂ ಡ್ಯೂಟೀರಿಯಂಗಳು ತಮ್ಮತಮ್ಮಲ್ಲೇ ಕೂಡಿ ನ್ಯೂಟ್ರಾನ್ ಬಿಡುತ್ತವೆ. ಪ್ರೋಟಾನ್–ಬೋರಾನ್ ಜೋಡಿಗೆ ನೂರು ಕೋಟಿ ಡಿಗ್ರಿಗಿಂತ ಮೇಲೆ ಬೇಕು. ಅಷ್ಟು ಬಿಸಿಯಲ್ಲಿ ಎಲೆಕ್ಟ್ರಾನ್‌ಗಳು ಎಕ್ಸ್-ರೇ ಚೆಲ್ಲಿ ಶಾಖವನ್ನೇ ಬರಿದು ಮಾಡುತ್ತವೆ. ಚಂದ್ರನ ಮಣ್ಣು ಜಾಲಿಸುವ ಮಾತು ಆಮೇಲೆ ನೋಡೋಣ.

1989ರ ಕೋಲ್ಡ್ ಫ್ಯೂಷನ್‌ನ ಮುಚ್ಚಿಹಾಕಿದ್ರಾ?

ಇಲ್ಲ. ಕೋಣೆಯ ಬಿಸಿಯಲ್ಲೇ, ಮೇಜಿನ ಮೇಲಿನ ಪುಟ್ಟ ಪಾತ್ರೆಯಲ್ಲೇ ಫ್ಯೂಷನ್ ನಡೆದು ಶಾಖ ಬಂತು ಅಂತ ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ ಫ್ಲೈಷ್ಮನ್, ಪಾನ್ಸ್ ಅನ್ನುವ ರಸಾಯನ ವಿಜ್ಞಾನಿಗಳು ಪ್ರಕಟಿಸಿದ ಕೂಡಲೇ ಎಷ್ಟೋ ಲ್ಯಾಬುಗಳು ಮಾಡಿ ನೋಡಿದವು. ಅಷ್ಟು ಶಾಖಕ್ಕೆ ತಕ್ಕ ನ್ಯೂಟ್ರಾನ್ ಯಾರಿಗೂ ಕಾಣಲಿಲ್ಲ.

ಟೊಕಮಾಕ್‌ನ ದೊಡ್ಡ ಭಯ ಯಾವುದು?

ಡಿಸ್ರಪ್ಷನ್, ಅಂದರೆ ಪ್ಲಾಸ್ಮಾ ದಿಢೀರನೆ ಕುಸಿಯುವುದು. ಪ್ಲಾಸ್ಮಾದೊಳಗೆ ಹರಿಯುವ ವಿದ್ಯುತ್ ಪ್ರವಾಹವೇ ಅದನ್ನು ಅರ್ಧ ಹಿಡಿದಿಟ್ಟಿರುತ್ತದೆ. ಐಟರ್‌ನಲ್ಲಿ ಅದು 1.5 ಕೋಟಿ ಆಂಪಿಯರ್. ಹದ ತಪ್ಪಿದರೆ ಕೆಲವು ಮಿಲಿಸೆಕೆಂಡಿನಲ್ಲಿ ಎಲ್ಲ ಕುಸಿದು, ಆ ಶಾಖವೆಲ್ಲ ಗೋಡೆಗೆ ಬೀಳುತ್ತದೆ. ಹುಚ್ಚೆದ್ದ ಎಲೆಕ್ಟ್ರಾನ್‌ಗಳ ಕಿರಣವೊಂದು ಹುಟ್ಟಿ ಲೋಹ ಕರಗಿಸಿ ತೂತು ಕೊರೆಯಬಹುದು. ಅದು ಬರುವ ಸುಳಿವು ಸಿಕ್ಕ ಕೂಡಲೇ ಹೆಪ್ಪುಗಟ್ಟಿದ ನಿಯಾನ್, ಹೈಡ್ರೋಜನ್ ಗುಂಡುಗಳನ್ನು ಪುಡಿ ಮಾಡಿ ಒಳಗೆ ಹಾರಿಸುತ್ತಾರೆ. ಆಗ ಶಾಖ ಒಂದೇ ಕಡೆ ಬೀಳದೆ ಬೆಳಕಾಗಿ ಎಲ್ಲ ಕಡೆ ಹರಡುತ್ತದೆ. ಜೆಟ್‌ನಲ್ಲಿ ಇದನ್ನು ಪರೀಕ್ಷಿಸಿದ್ದಾರೆ.

ಜರ್ಮನಿಯ ಗ್ರೈಫ್ಸ್‌ವಾಲ್ಡ್‌ನಲ್ಲಿ 2015ರಲ್ಲಿ ಶುರುವಾದ ವೆಂಡೆಲ್‌ಸ್ಟೈನ್ 7-ಎಕ್ಸ್ ಈ ಭಯವನ್ನೇ ಬಿಟ್ಟು ಹೊರಟ ಯಂತ್ರ. ಅದು ಸ್ಟೆಲರೇಟರ್. ಪ್ಲಾಸ್ಮಾದೊಳಗೆ ದೊಡ್ಡ ಪ್ರವಾಹ ಬೇಡ, ತಿರುಚುವ ಕೆಲಸವೆಲ್ಲ ಹೊರಗಿನ ಅಯಸ್ಕಾಂತಗಳದ್ದು. ಆ ಅಯಸ್ಕಾಂತಗಳ ಚಿತ್ರ ನೋಡಿದರೆ ಯಾರೋ ಸಿಟ್ಟಿನಲ್ಲಿ ಮುದುರಿ ಎಸೆದ ಹಾಗಿವೆ. ಒಂದೊಂದು ಡೊಂಕೂ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದ್ದು. 2023ರಲ್ಲಿ ಅದು ಪ್ಲಾಸ್ಮಾವನ್ನು ಎಂಟು ನಿಮಿಷ ಹಿಡಿದಿಟ್ಟಿತು.